ಬಿಚ್ಚಿದ್ದರ ಹಿಮ್ಮುಖವೇ ಜೋಡಣೆಯೆ?
ಕಾರು ದುರಸ್ತಿ ಕೈಪಿಡಿಗಳು: ಒಂದು ವಿಮರ್ಶೆ

ಹಳೆಯ ಕಾರನ್ನು ಮನೆಯಂಗಳದಲ್ಲೇ ಬಿಚ್ಚಿ ದುರಸ್ತಿ ಮಾಡುವ, ಸಾಧ್ಯವಾದರೆ ಅದನ್ನು ಮೊದಲಿನ ಸ್ಥಿತಿಗೆ ತರುವ ಹವ್ಯಾಸ ಅನೇಕರಿಗೆ ಇದೆ. ನಮ್ಮಲ್ಲಿ ಈ ಹವ್ಯಾಸಕ್ಕೆ ಹೆಚ್ಚಾಗಿ ಒದಗುವುದು ಎರಡು ವಾಹನಗಳು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿ, 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಒಂದು. ಇಟಲಿಯ ಫಿಯಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿ ಇನ್ನೊಂದು. ಇವುಗಳ ಒಡೆಯರಿಗೆ ಸಲಹೆಗಳ ಕೊರತೆ ಇಲ್ಲ. ಯಾವ ಸ್ಪ್ಯಾನರ್ ಕೊಳ್ಳಬೇಕು, ಯಾವ ಬೋಲ್ಟ್ ಹಾಕಬೇಕು, ತುಕ್ಕು ತೆಗೆಯುವುದು ಹೇಗೆ ಎಂಬುದನ್ನು ಗ್ಯಾರೇಜಿನ ಮೇಸ್ತ್ರಿಯೂ ಹೇಳುತ್ತಾರೆ, ಬಿಡಿಭಾಗಗಳ ಅಂಗಡಿಯವರೂ ಹೇಳುತ್ತಾರೆ, ಅಚ್ಚಾದ ಕೈಪಿಡಿಗಳೂ ಹೇಳುತ್ತವೆ.

ಈ ಸಲಹೆಗಳನ್ನು ಭೌತವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಒಂದು ಸಲಹೆ ಉತ್ತಮವೋ ಅಲ್ಲವೋ ಎಂದು ತೀರ್ಮಾನಿಸಲು ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಅದರಲ್ಲಿ ಪರಿಮಾಣ ಇದೆಯೆ? ಏಕಮಾನ ಇದೆಯೆ? ಯಾವ ಸ್ಥಿತಿಯಲ್ಲಿ ಅದು ಅನ್ವಯಿಸುತ್ತದೆ ಎಂದು ಹೇಳಿದೆಯೆ? ಕಾರಣ ಕೊಟ್ಟಿದೆಯೆ? ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿಗಳಿಂದ ನಾವು ಬಯಸುವುದೂ ಇವನ್ನೇ. ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವರಿಗೆ ಸಲಹೆ ನೀಡುವ ಪುಸ್ತಕದಿಂದ ಅಷ್ಟನ್ನಾದರೂ ಬಯಸುವುದು ನ್ಯಾಯ.

ಎರಡು ಮಾದರಿಗಳು

ಇಂಥ ಕೈಪಿಡಿಗಳ ಪೈಕಿ ಜಗತ್ತಿನಾದ್ಯಂತ ಹೆಸರಾದವು ಜಾನ್ ಹೇನ್ಸ್ ಆರಂಭಿಸಿದ ಮಾಲಿಕೆಯವು. 1938ರಲ್ಲಿ ಸಿಲೋನಿನಲ್ಲಿ ಜನಿಸಿದ ಹೇನ್ಸ್, ಇಂಗ್ಲೆಂಡಿನಲ್ಲಿ ಶಾಲಾ ಬಾಲಕನಾಗಿದ್ದಾಗಲೇ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಮಾರ್ಪಡಿಸಿ, ಅದನ್ನು ಹೇಗೆ ಮಾಡಿದೆನೆಂದು ಕಿರುಹೊತ್ತಗೆ ಬರೆದರು. ಮುಂದೆ ಬ್ರಿಟಿಷ್ ವಾಯುಪಡೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನ ಎಂಜಿನನ್ನು ಬಿಚ್ಚಿ ಕಟ್ಟುವ ಸಂದರ್ಭ ಬಂತು. ತಯಾರಕರ ಕೈಪಿಡಿ ತರಬೇತಿ ಪಡೆದ ಮೆಕ್ಯಾನಿಕ್‌ಗಳಿಗಾಗಿ ಬರೆದದ್ದು. ಸಾಮಾನ್ಯ ಒಡೆಯನಿಗೆ ಅದರಿಂದ ಉಪಯೋಗವಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. ಪ್ರತಿ ಹಂತದ ಛಾಯಾಚಿತ್ರ ತೆಗೆದು ಸಿದ್ಧಪಡಿಸಿದ ಸ್ಪ್ರೈಟ್ ಕೈಪಿಡಿ 1966ರಲ್ಲಿ ಪ್ರಕಟವಾಯಿತು. ಹೇನ್ಸ್ 2019ರಲ್ಲಿ ತೀರಿಕೊಂಡರು. ಹೊಸ ಕಾರುಗಳಿಗೆ ಇಂಥ ಮುದ್ರಿತ ಕೈಪಿಡಿಗಳನ್ನು ಇನ್ನು ಹೊರತರುವುದಿಲ್ಲವೆಂದು ಅವರ ಸಂಸ್ಥೆ 2020ರಲ್ಲಿ ತಿಳಿಸಿತು.

ಇನ್ನೊಂದು ಮಾದರಿ ಅಮೆರಿಕದ ಜಾನ್ ಮ್ಯೂರ್ ಅವರದು. ಇವರು ವಿಮಾನ ಉದ್ಯಮದಲ್ಲಿ ಎಂಜಿನಿಯರಾಗಿದ್ದು ಅದನ್ನು ತೊರೆದವರು. ಫೋಕ್ಸ್‌ವ್ಯಾಗನ್ ಕಾರನ್ನು ಬದುಕಿಸಿಕೊಳ್ಳುವ ಬಗೆ ಕುರಿತ ಇವರ ಪುಸ್ತಕ 1969ರಲ್ಲಿ ಹೊರಬಂತು. ಏನೂ ತಿಳಿಯದವರಿಗಾಗಿ ಎಂದು ಶೀರ್ಷಿಕೆಯಲ್ಲೇ ಸಾರಿದ ಈ ಪುಸ್ತಕಕ್ಕೆ ಪೀಟರ್ ಆಶ್ವಾಂಡನ್ ಬರೆದ ರೇಖಾಚಿತ್ರಗಳಿವೆ. ಸುರುಳಿ ತಂತಿಯ ಕಟ್ಟು ಇರುವುದರಿಂದ ಎಣ್ಣೆ ಮೆತ್ತಿದ ಕೈಗಳ ಪಕ್ಕದಲ್ಲಿ ಪುಸ್ತಕ ತೆರೆದೇ ಇರುತ್ತದೆ. ಸಣ್ಣ ಸಂಗತಿಯಾದರೂ ಓದುಗನ ಕಷ್ಟ ಬಲ್ಲವರು ಮಾತ್ರ ಇದನ್ನು ಯೋಚಿಸಬಲ್ಲರು.

ಈ ಎರಡು ಮಾದರಿಗಳ ಗುಣಗಳು ಬೇರೆ ಬೇರೆ. ಹೇನ್ಸ್ ಮಾಲಿಕೆಯ ಬಲ ಇರುವುದು ಪ್ರತ್ಯಕ್ಷ ಪ್ರಮಾಣದಲ್ಲಿ. ನಿಜವಾದ ಕಾರನ್ನು ಬಿಚ್ಚಿ, ಮತ್ತೆ ಜೋಡಿಸಿ ಬರೆದದ್ದರಿಂದ ‘ಈ ನಟ್ಟಿಗೆ ಈ ಸ್ಪ್ಯಾನರ್ ತಲುಪುತ್ತದೆ’ ಎಂಬ ಮಾತಿಗೆ ಬೆಲೆ ಇದೆ. ಅಧ್ಯಾಯಗಳಲ್ಲಿ ಅಳತೆಗಳ, ಬಿಗಿತದ ಪ್ರಮಾಣಗಳ ಕೋಷ್ಟಕಗಳಿವೆ. ಆದರೆ ಹೀಗೇಕೆ ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ ಕಡಿಮೆ. ಮ್ಯೂರ್ ಕಾರಣಗಳನ್ನು ಹೇಳುತ್ತಾರೆ, ಹೆದರಿದವರಿಗೆ ಧೈರ್ಯ ತುಂಬುತ್ತಾರೆ, ಯಂತ್ರವನ್ನು ಕೇಳಿಸಿಕೊಳ್ಳಲು, ಮುಟ್ಟಿ ನೋಡಲು ಕಲಿಸುತ್ತಾರೆ. ಆದರೆ ಅವರ ಪುಸ್ತಕ ಗಾಳಿಯಿಂದ ತಂಪಾಗುವ ಎಂಜಿನಿನ ಒಂದೇ ಕಾರು ಕುಟುಂಬಕ್ಕೆ ಸೀಮಿತ. ಅದರಲ್ಲಿ ಕಲಿತದ್ದನ್ನು ಬೇರೆ ಕಾರಿಗೆ ಒಯ್ಯಬೇಕಾದರೆ ಓದುಗನಿಗೆ ಅದರ ಹಿಂದಿನ ತತ್ತ್ವ ತಿಳಿದಿರಬೇಕು. ಆ ತತ್ತ್ವಗಳಲ್ಲಿ ಕೆಲವನ್ನು ಈಗ ನೋಡೋಣ.

‘ಬಿಗಿಯಾಗಿ’ ಎಂದರೆ ಎಷ್ಟು?

ದುರಸ್ತಿ ಸಲಹೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ, ಅತಿ ಕಡಿಮೆ ಅರ್ಥವಿರುವ ಪದ ‘ಬಿಗಿಯಾಗಿ’ ಎಂಬುದು. ಬೋಲ್ಟನ್ನು ಬಿಗಿ ಮಾಡುವಾಗ ನಾವು ನಿಜವಾಗಿ ಮಾಡುವುದೇನು? ಅದನ್ನು ಒಂದು ಗಡುಸಾದ ಸ್ಪ್ರಿಂಗ್‌ನಂತೆ ಎಳೆಯುತ್ತೇವೆ. ಎಳೆಯಲ್ಪಟ್ಟ ಬೋಲ್ಟ್ ಮತ್ತೆ ಕುಗ್ಗಲು ಯತ್ನಿಸುವುದರಿಂದ ಎರಡು ಭಾಗಗಳು ಒತ್ತಿ ಹಿಡಿಯಲ್ಪಡುತ್ತವೆ. ನಮಗೆ ಬೇಕಾದದ್ದು ಈ ಎಳೆತ. ಸ್ಪ್ಯಾನರಿನಲ್ಲಿ ನಾವು ಅಳೆಯಬಲ್ಲದ್ದು ತಿರುಗಿಸುವ ಪರಿಣಾಮ, ಅಂದರೆ ಟಾರ್ಕ್. ಇವೆರಡರ ನಡುವೆ ನಿಂತಿರುವುದು ಘರ್ಷಣೆ.

ಸ್ಥೂಲವಾಗಿ ಹೇಳುವುದಾದರೆ, ನಾವು ಹಾಕಿದ ಟಾರ್ಕಿನ ಸುಮಾರು ಅರ್ಧ ಭಾಗ ಬೋಲ್ಟಿನ ತಲೆಯಡಿಯ ಘರ್ಷಣೆಯಲ್ಲೂ ಸುಮಾರು 40% ತಿರುಪಿನ ಘರ್ಷಣೆಯಲ್ಲೂ ಕಳೆದುಹೋಗುತ್ತದೆ. ಬೋಲ್ಟನ್ನು ಎಳೆಯುವುದಕ್ಕೆ ಉಳಿಯುವುದು ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಇದನ್ನು ಎಂಜಿನಿಯರುಗಳು ಒಂದು ಸರಳ ಸಮೀಕರಣದಲ್ಲಿ ಅಡಗಿಸುತ್ತಾರೆ: ಟಾರ್ಕ್ ಎಂದರೆ ಎಳೆತ, ಬೋಲ್ಟಿನ ವ್ಯಾಸ ಹಾಗೂ ಒಂದು ಗುಣಾಂಕ ಇವುಗಳ ಗುಣಲಬ್ಧ. ಒಣ ಉಕ್ಕಿನ ಬೋಲ್ಟಿಗೆ ಈ ಗುಣಾಂಕ ಸುಮಾರು 0.2, ಎಣ್ಣೆ ಸವರಿದರೆ ಸುಮಾರು 0.15.

ಒಂದು ಉದಾಹರಣೆ ತೆಗೆದುಕೊಳ್ಳಿ. ತಲೆಯ ಮೇಲೆ 8.8 ಎಂಬ ಗುರುತಿರುವ 12 ಮಿ.ಮೀ. ವ್ಯಾಸದ ಬೋಲ್ಟಿಗೆ 100 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತೀರಿ. ಬೋಲ್ಟ್ ಒಣಗಿದ್ದರೆ ಎಳೆತ 100 ÷ (0.2 × 0.012), ಅಂದರೆ ಸುಮಾರು 42,000 ನ್ಯೂಟನ್. ಇದು ನಾಲ್ಕು ಟನ್ನಿಗೂ ಮೀರಿದ ತೂಕಕ್ಕೆ ಸಮ! ಈಗ ‘ತುಕ್ಕು ಹಿಡಿಯದಿರಲಿ’ ಎಂದು ಅದೇ ಬೋಲ್ಟಿಗೆ ಎಣ್ಣೆ ಸವರಿ ಅದೇ 100 ನ್ಯೂಟನ್-ಮೀಟರ್ ಕೊಡಿ. ಎಳೆತ ಸುಮಾರು 55,500 ನ್ಯೂಟನ್‌ಗೆ ಏರುತ್ತದೆ. 8.8 ಎಂಬ ಗುರುತಿನ ಅರ್ಥವೇನು? ಮೊದಲ ಅಂಕಿ, ಬೋಲ್ಟ್ ತುಂಡಾಗುವ ಮಿತಿ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್ ಎಂದು ಸೂಚಿಸುತ್ತದೆ. ಎರಡನೆಯದು, ಅದರ 80%ರಲ್ಲಿ, ಅಂದರೆ 640 ನ್ಯೂಟನ್‌ನಲ್ಲಿ, ಬೋಲ್ಟ್ ಮರಳಿ ಕುಗ್ಗಲಾರದಂತೆ ಹಿಗ್ಗುತ್ತದೆ ಎಂದು ಸೂಚಿಸುತ್ತದೆ. 12 ಮಿ.ಮೀ. ಬೋಲ್ಟಿನ ತಿರುಪಿನ ಭಾಗದಲ್ಲಿ ಎಳೆತವನ್ನು ಹೊರುವ ಕ್ಷೇತ್ರಫಲ ಸುಮಾರು 84 ಚದರ ಮಿ.ಮೀ. ಆದ್ದರಿಂದ ಮಿತಿ ಸುಮಾರು 54,000 ನ್ಯೂಟನ್. ಒಣ ಬೋಲ್ಟ್ ಕ್ಷೇಮ. ಎಣ್ಣೆ ಸವರಿದ ಬೋಲ್ಟ್ ಮಿತಿ ದಾಟಿತು.

ಸ್ಪ್ಯಾನರ್ ಅದೇ, ಓದಿದ ಅಂಕಿ ಅದೇ, ಕೈಯೂ ಅದೇ. ಬದಲಾದದ್ದು ಒಂದು ತೊಟ್ಟು ಎಣ್ಣೆ. ಹೀಗಿರುವಾಗ ಟಾರ್ಕ್ ಪ್ರಮಾಣವನ್ನು ಕೊಟ್ಟು ‘ಒಣ ತಿರುಪಿಗೆ’ ಅಥವಾ ‘ಎಣ್ಣೆ ಸವರಿದ ತಿರುಪಿಗೆ’ ಎಂದು ಹೇಳದ ಕೋಷ್ಟಕ ಅರ್ಧ ಸಲಹೆ ಮಾತ್ರ. ‘ಟಾರ್ಕ್ ರೆಂಚ್ ಕೊಳ್ಳಿ’ ಎಂಬುದು ಒಳ್ಳೆಯ ಮಾತೇ. ಆದರೆ ಆ ಉಪಕರಣ ಅಳೆಯುವುದು ನಮಗೆ ಬೇಕಾದ ಪರಿಮಾಣವನ್ನಲ್ಲ, ಅದರ ನೆರಳನ್ನು ಎಂದು ಅದರ ಜೊತೆಗೇ ತಿಳಿಸಬೇಕು.

ಸ್ಪ್ಯಾನರಿನ ಉದ್ದವೂ ಬಾಯಿಯೂ

‘ನಟ್ಟು ಬಿಡದಿದ್ದರೆ ಸ್ಪ್ಯಾನರಿಗೆ ಪೈಪು ತೊಡಿಸಿ’ ಎಂಬುದು ಇನ್ನೊಂದು ಜನಪ್ರಿಯ ಸಲಹೆ. ಸಣ್ಣ ಸ್ಪ್ಯಾನರುಗಳು ಗಿಡ್ಡವಾಗಿಯೂ ದೊಡ್ಡವು ಉದ್ದವಾಗಿಯೂ ಇರುವುದೇಕೆಂದು ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್-ಮೀಟರ್ ಸಾಕು. ಅದರ ತಲೆಗೆ ಹೊಂದುವ 10 ಮಿ.ಮೀ. ಸ್ಪ್ಯಾನರಿನ ಉದ್ದ ಸುಮಾರು 12 ಸೆಂ.ಮೀ. ಆದ್ದರಿಂದ ಬೇಕಾದ ಬಲ ಸುಮಾರು 83 ನ್ಯೂಟನ್. ಎಂಟೂವರೆ ಕಿಲೋಗ್ರಾಂ ತೂಕವನ್ನು ಎತ್ತುವಷ್ಟು. ಇದು ಕೈಗೆ ಸಹಜವಾದ ಬಲ. ಅಂದರೆ ಸ್ಪ್ಯಾನರಿನ ಉದ್ದವೇ ಒಂದು ಸುರಕ್ಷಾ ಮಿತಿ. ಅರ್ಧ ಮೀಟರ್ ಉದ್ದದ ಪೈಪು ತೊಡಿಸಿದಾಗ ಅದೇ ಕೈ ಅದೇ ಬಲದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಟಾರ್ಕ್ ಕೊಡುತ್ತದೆ. ಆರ್ಕಿಮಿಡೀಸನ ಸನ್ನೆ ಭೂಮಿಯನ್ನು ಎತ್ತದಿದ್ದರೂ ಬೋಲ್ಟಿನ ಕತ್ತನ್ನು ಖಂಡಿತ ಮುರಿಯುತ್ತದೆ.

ಹಾಗೆಂದು ಉದ್ದನೆಯ ಹಿಡಿ ಎಂದೂ ತಪ್ಪೆಂದಲ್ಲ. ಮ್ಯೂರ್ ಬರೆದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದಿನ ಅಚ್ಚಿನ ನಟ್ಟಿಗೆ ಸುಮಾರು 300 ನ್ಯೂಟನ್-ಮೀಟರ್ ಟಾರ್ಕ್ ಬೇಕು. ಮನೆಬಳಕೆಯ ಅನೇಕ ಟಾರ್ಕ್ ರೆಂಚುಗಳು ಅಲ್ಲಿಗೆ ತಲುಪುವುದಿಲ್ಲ. ಆದರೆ 60 ಕಿಲೋಗ್ರಾಂ ತೂಗುವ ವ್ಯಕ್ತಿ ಅಡ್ಡವಾಗಿ ಹಿಡಿದ ಕಂಬಿಯ ಮೇಲೆ, ನಟ್ಟಿನ ಕೇಂದ್ರದಿಂದ 51 ಸೆಂ.ಮೀ. ದೂರದಲ್ಲಿ ತನ್ನ ಪೂರ್ಣ ಭಾರವನ್ನು ನಿಧಾನವಾಗಿ ಬಿಟ್ಟರೆ 60 × 9.8 × 0.51, ಅಂದರೆ ಸರಿಯಾಗಿ 300 ಆಗುತ್ತದೆ. ಕಾರು ನಾಲ್ಕೂ ಚಕ್ರಗಳ ಮೇಲೆ ನಿಂತಿರಬೇಕು, ಕೈಗೆ ಆಧಾರವಿರಬೇಕು, ಕಂಬಿ ಜಾರಬಾರದು. ಪೈಪು ತೊಡಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಒಂದೇ: ಇಲ್ಲಿ ಲೆಕ್ಕವಿದೆ.

ಸ್ಪ್ಯಾನರಿನ ಬಾಯಿಯ ವಿಚಾರದಲ್ಲಿ ನಮ್ಮ ದೇಶದ ಹಳೆಯ ಕಾರುಗಳು ಒಂದು ಸ್ವಾರಸ್ಯಕರ ಸಮಸ್ಯೆ ಒಡ್ಡುತ್ತವೆ. ಫಿಯಟ್ ಮೂಲದ ಪದ್ಮಿನಿ ಮಿಲಿಮೀಟರಿನ ಕಾರು. ಬ್ರಿಟಿಷ್ ವಿನ್ಯಾಸದ ಹಳೆಯ ಅಂಬಾಸಿಡರ್ ಅಂಗುಲದ ಕಾರು. ಅರ್ಧ ಅಂಗುಲದ ತಲೆ ಎಂದರೆ 12.7 ಮಿ.ಮೀ. ಅದಕ್ಕೆ 13 ಮಿ.ಮೀ. ಸ್ಪ್ಯಾನರ್ ‘ಸರಿಯಾಗುತ್ತದೆ’ ಎಂದು ಹೇಳುವವರಿದ್ದಾರೆ. ಬಾಯಿಯ ಸಡಿಲ 0.3 ಮಿ.ಮೀ. ಮಾತ್ರ, ನಿಜ. ಆದರೆ ಜ್ಯಾಮಿತಿಯ ಲೆಕ್ಕ ಹಾಕಿದರೆ ಸ್ಪ್ಯಾನರ್ ಸುಮಾರು ಎರಡೂವರೆ ಡಿಗ್ರಿ ಬರಿದೇ ತಿರುಗಿ, ಬಳಿಕ ಷಟ್ಕೋನದ ಮೂಲೆಗಳನ್ನು ಮಾತ್ರ ಹಿಡಿಯುತ್ತದೆ. ಬಲ ಅದೇ, ಅದನ್ನು ಹೊರುವ ಕ್ಷೇತ್ರಫಲ ತೀರ ಕಿರಿದು. ಒತ್ತಡ ಏರಿ ಮೂಲೆಗಳು ಸವೆದು ನಟ್ಟು ದುಂಡಗಾಗುತ್ತದೆ. ಇದಕ್ಕೆ ಪ್ರತಿಯಾಗಿ ಮುಕ್ಕಾಲು ಅಂಗುಲವೆಂದರೆ 19.05 ಮಿ.ಮೀ.; ಅಲ್ಲಿ 19 ಮಿ.ಮೀ. ಸ್ಪ್ಯಾನರ್ ಬಹುಮಟ್ಟಿಗೆ ಹೊಂದುತ್ತದೆ. ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ತಿಳಿಯಲು 25.4ರ ಮಗ್ಗಿ ಸಾಕು. ಅದಕ್ಕೂ ಹಿಂದಿನ ಬ್ರಿಟಿಷ್ ಕಾರುಗಳ ವಿಟ್‌ವರ್ತ್ ಸ್ಪ್ಯಾನರಿನ ಮೇಲಿನ ಅಂಕಿ ಬಾಯಿಯ ಅಗಲವನ್ನೇ ಸೂಚಿಸುವುದಿಲ್ಲ, ಬೋಲ್ಟಿನ ದಪ್ಪವನ್ನು ಸೂಚಿಸುತ್ತದೆ. ಅಂಕಿಯೊಂದು ಯಾವುದರ ಅಳತೆ ಎಂದು ಕೇಳದೆ ಉಪಕರಣ ಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಹಿಮ್ಮುಖ ಜೋಡಣೆ ಎಂಬ ಭ್ರಮೆ

ಹೇನ್ಸ್ ಮಾಲಿಕೆಯನ್ನು ಬಳಸಿದವರೆಲ್ಲ ಹಾಸ್ಯಕ್ಕೆ ನೆನೆಯುವ ಒಂದು ಸೂಚನೆ ಇದೆ. ಭಾಗವನ್ನು ಕಳಚುವ ವಿಧಾನವನ್ನು ಹಂತ ಹಂತವಾಗಿ ವಿವರಿಸಿ, ಜೋಡಣೆಗೆ ಬಂದಾಗ ಅದೇ ಹಂತಗಳನ್ನು ಹಿಮ್ಮುಖವಾಗಿ ಅನುಸರಿಸಿರಿ ಎಂದು ಒಂದೇ ವಾಕ್ಯದಲ್ಲಿ ಮುಗಿಸುವುದು. ಪುಟಗಳನ್ನು ಉಳಿಸಲು ಇದು ಅನುಕೂಲ. ಆದರೆ ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲೇ.

ಉಷ್ಣಗತಿವಿಜ್ಞಾನದಲ್ಲಿ ಪರಾವರ್ತ ಕ್ರಿಯೆ, ಅಪರಾವರ್ತ ಕ್ರಿಯೆ ಎಂಬ ಭೇದವನ್ನು ನೀವು ಕಲಿಸುತ್ತೀರಿ. ಬಂದ ದಾರಿಯಲ್ಲೇ, ಯಾವ ಗುರುತನ್ನೂ ಉಳಿಸದೆ ಹಿಂತಿರುಗಬಹುದಾದದ್ದು ಪರಾವರ್ತ. ಘರ್ಷಣೆ ಇರುವಲ್ಲಿ, ಲೋಹ ತನ್ನ ಸ್ಥಿತಿಸ್ಥಾಪಕ ಮಿತಿಯನ್ನು ದಾಟಿದಲ್ಲಿ ಅದು ಅಸಾಧ್ಯ. ಕಾರಿನ ಬಿಡಿಭಾಗಗಳಿಗೆ ತಮ್ಮ ಮೇಲೆ ನಡೆದದ್ದರ ನೆನಪು ಇರುತ್ತದೆ. ಕೆಲವನ್ನು ನೋಡಿ.

ಎಂಜಿನ್ ಎಣ್ಣೆ ಸೋರದಂತೆ ಹಾಕುವ ತಾಮ್ರದ ವಾಷರು ಒಮ್ಮೆ ಒತ್ತಲ್ಪಟ್ಟಾಗ ಗಡುಸಾಗುತ್ತದೆ. ಅದನ್ನೇ ಮತ್ತೆ ಹಾಕಿದರೆ ಮೇಲ್ಮೈಗೆ ಹೊಂದಿಕೊಳ್ಳದೆ ಸೋರುತ್ತದೆ. ಕೆಂಪಗೆ ಕಾಯಿಸಿ ತಣಿಸಿದರೆ ಸ್ಫಟಿಕ ರಚನೆ ಹೊಸದಾಗಿ ಮೃದುವಾಗುತ್ತದೆ, ಅಂದರೆ ನೆನಪು ಅಳಿಸುತ್ತದೆ! ಎಂಜಿನ್ ಹೆಡ್ಡಿನ ಗ್ಯಾಸ್ಕೆಟ್ಟಿಗೆ ಇಂಥ ಉಪಾಯವೂ ಇಲ್ಲ. ಅದು ಹೊಸದೇ ಆಗಬೇಕು. ಈಚಿನ ಅನೇಕ ಎಂಜಿನುಗಳ ಹೆಡ್ ಬೋಲ್ಟುಗಳನ್ನು ನಿಗದಿತ ಟಾರ್ಕಿನ ನಂತರ ನಿಗದಿತ ಕೋನದಷ್ಟು ತಿರುಗಿಸಿ, ಬೇಕೆಂದೇ ಸ್ಥಿತಿಸ್ಥಾಪಕ ಮಿತಿಯಾಚೆಗೆ ಎಳೆಯಲಾಗುತ್ತದೆ. ಘರ್ಷಣೆಯ ಅನಿಶ್ಚಿತತೆಯನ್ನು ದಾಟುವ ಜಾಣ ಉಪಾಯವಿದು. ಆದರೆ ಹೀಗೆ ಹಿಗ್ಗಿದ ಬೋಲ್ಟನ್ನು ಎರಡನೆಯ ಬಾರಿ ಬಳಸುವಂತಿಲ್ಲ. ಬಾಗಿಸಿದ ಸ್ಪ್ಲಿಟ್ ಪಿನ್ನಿನದೂ ಇದೇ ಕಥೆ. ನೆಟ್ಟಗೆ ಮಾಡಿ ಮತ್ತೆ ಬಾಗಿಸಿದರೆ ದಣಿದ ಲೋಹ ಮುರಿಯುತ್ತದೆ. ಮುರಿಯುವುದು ಹತ್ತು ರೂಪಾಯಿಯ ಪಿನ್ನಾದರೂ ಕಳಚಿ ಹೋಗುವುದು ಸ್ಟಿಯರಿಂಗ್ ಆಗಿರಬಹುದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಶ್. ಕಾರನ್ನು ಎತ್ತಿ, ಚಕ್ರ ಜೋತುಬಿದ್ದಿರುವಾಗ ತೋಳನ್ನು ಕಳಚುತ್ತೀರಿ. ಹಿಮ್ಮುಖ ಕ್ರಮವನ್ನು ಅಕ್ಷರಶಃ ಪಾಲಿಸಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರು ಆ ಸ್ಥಿತಿಯನ್ನೇ ತನ್ನ ಸಮತೋಲನ ಸ್ಥಾನವೆಂದು ಹಿಡಿದುಕೊಳ್ಳುತ್ತದೆ. ಕಾರನ್ನು ನೆಲಕ್ಕಿಳಿಸಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕು. ಇಲ್ಲಿ ಹಿಮ್ಮುಖ ಕ್ರಮವೇ ದೋಷಕ್ಕೆ ಕಾರಣ.

ನ್ಯಾಯವಾಗಿ ಹೇಳುವುದಾದರೆ ಹಿಮ್ಮುಖ ಸೂತ್ರ ಒಪ್ಪುವ ಕಡೆಗಳೂ ಇವೆ. ಹೆಡ್ ಬೋಲ್ಟುಗಳನ್ನು ಸಾಮಾನ್ಯವಾಗಿ ಅಂಚಿನಿಂದ ನಡುವಿಗೆ ಸಡಿಲಿಸಿ, ನಡುವಿನಿಂದ ಅಂಚಿಗೆ ಬಿಗಿಯುತ್ತಾರೆ. ಹೇನ್ಸ್ ಮಾಲಿಕೆಯ ಮುಂದಿನ ಸಂಪುಟಗಳು ಸಹ ಆ ಒಂದು ವಾಕ್ಯದ ಜೊತೆಗೆ ಗಮನಿಸಬೇಕಾದ ಅಂಶಗಳನ್ನು ಪಟ್ಟಿಮಾಡಿವೆ. ಇದು ಸ್ವಾಗತಾರ್ಹ. ಆದರೆ ಪಟ್ಟಿಯಲ್ಲಿರುವ ಅಂಶಗಳಿಗೆ ಕಾರಣ ಕೊಟ್ಟಿದ್ದರೆ, ಪಟ್ಟಿಯಲ್ಲಿಲ್ಲದ ಅಂಶವನ್ನು ಓದುಗ ತಾನೇ ಊಹಿಸುತ್ತಿದ್ದ.

‘ಅಸಲಿ’ ಮತ್ತು ‘ತುಕ್ಕು ಹಿಡಿಯದ’ ಬಿಡಿಭಾಗ

ಬಿಡಿಭಾಗಗಳ ವಿಷಯದಲ್ಲಿ ಎಲ್ಲರೂ ಹೇಳುವುದು ‘ಅಸಲಿಯನ್ನೇ ಹಾಕಿ’ ಎಂದು. ತಯಾರಿಕೆ ನಿಂತು ದಶಕಗಳಾದ ಕಾರಿಗೆ ಅಸಲಿ ಎಲ್ಲಿಂದ ಬರಬೇಕು? ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೂ ಸಿಗುವುದು ಬಹುಪಾಲು ಬೇರೆಯವರು ಮಾಡಿದ್ದು ಅಥವಾ ಬಳಸಿ ಬಿಟ್ಟದ್ದು. ಅಲ್ಲಿ ಉಪಯೋಗಕ್ಕೆ ಬರುವುದು ಹೆಸರಲ್ಲ, ವಿವರ: ಬೋಲ್ಟಿನ ದರ್ಜೆ ಎಷ್ಟು, ವ್ಯಾಸ ಮತ್ತು ತಿರುಪಿನ ಅಂತರ ಎಷ್ಟು, ರಬ್ಬರು ಯಾವ ದ್ರವವನ್ನು ತಾಳಬೇಕು. ಇವನ್ನು ಕೊಡದ ಸಲಹೆ ಖರೀದಿದಾರನನ್ನು ಅಂಗಡಿಯವರ ಪ್ರಾಮಾಣಿಕತೆಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ.

ಹಳೆಯ ಕಾರಿಗೆ ಮೆರುಗು ತರುವವರು ಬೋಲ್ಟುಗಳನ್ನೆಲ್ಲ ಸ್ಟೈನ್‌ಲೆಸ್ ಸ್ಟೀಲಿಗೆ ಬದಲಿಸುವುದುಂಟು. ತುಕ್ಕು ಹಿಡಿಯುವುದಿಲ್ಲ, ಹೊಳೆಯುತ್ತದೆ. ಆದರೆ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೈನ್‌ಲೆಸ್ ಬೋಲ್ಟ್ ಪ್ರತಿ ಚದರ ಮಿ.ಮೀ.ಗೆ 450 ನ್ಯೂಟನ್‌ನಲ್ಲೇ ಹಿಗ್ಗತೊಡಗುತ್ತದೆ. ಕಪ್ಪು ಬಣ್ಣದ ಸಾದಾ 8.8 ಬೋಲ್ಟ್ 640ರವರೆಗೆ ತಾಳುತ್ತದೆ. ನಂಬರ್ ಪ್ಲೇಟಿಗೆ ಸ್ಟೈನ್‌ಲೆಸ್ ಚೆನ್ನ; ಬ್ರೇಕಿಗೂ ಸಸ್ಪೆನ್ಷನ್ನಿಗೂ ಅಲ್ಲ. ಹೊಳಪು ಮತ್ತು ಬಲ ಬೇರೆ ಬೇರೆ ಗುಣಗಳು.

ಬ್ರೇಕ್ ದ್ರವ ಇನ್ನೊಂದು ಉದಾಹರಣೆ. ‘ಮಟ್ಟ ಕಡಿಮೆಯಾದರೆ ತುಂಬಿಸಿ’ ಎಂದಷ್ಟೇ ಹೇಳಿದರೆ ಸಾಲದು. ಸಾಮಾನ್ಯ ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205° ಸೆ. ಇರಬೇಕು, 3.7% ನೀರು ಸೇರಿದ ಸ್ಥಿತಿಯಲ್ಲಿ ನಿಗದಿಯಾದ ಕನಿಷ್ಠ ಮಿತಿ 140° ಮಾತ್ರ. ಇದರಿಂದೇನು? 1000 ಕಿಲೋಗ್ರಾಂ ಕಾರು 400 ಮೀಟರ್ ಎತ್ತರದ ಘಟ್ಟ ಇಳಿಯುವಾಗ ಕಳೆದುಕೊಳ್ಳುವ ವಿಭವ ಶಕ್ತಿ ಸುಮಾರು 39 ಲಕ್ಷ ಜೂಲ್. ನಾಲ್ಕು ಚಕ್ರಗಳ ಬ್ರೇಕುಗಳಲ್ಲಿ ಒಟ್ಟು 20 ಕಿಲೋಗ್ರಾಂ ಕಬ್ಬಿಣ ಇದೆಯೆಂದು, ಅಷ್ಟೂ ಶಕ್ತಿ ಅಲ್ಲೇ ಉಳಿಯಿತೆಂದು ಭಾವಿಸಿದರೆ ತಾಪ 400 ಡಿಗ್ರಿಗೂ ಮಿಕ್ಕಿ ಏರಬೇಕು. ಗಾಳಿಯೂ ಕೆಳ ಗೇರಿನಲ್ಲಿರುವ ಎಂಜಿನೂ ಇದರ ಬಹುಪಾಲನ್ನು ಕಳೆಯುತ್ತವೆ, ಕಳೆಯಬೇಕು. ಗೇರನ್ನು ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಾಲಕನ ಹಳೆಯ ದ್ರವ ಕುದಿದರೆ, ಕೊಳವೆಯಲ್ಲಿ ಆವಿ ತುಂಬುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಈ ಕಾರಣ ತಿಳಿದವರು ದ್ರವವನ್ನು ಕಾಲಕಾಲಕ್ಕೆ ಪೂರ್ತಿ ಬದಲಿಸುತ್ತಾರೆ. ಎಂಜಿನ್ ಎಣ್ಣೆಯನ್ನಂತೂ ಅದರ ಬದಲಿಗೆ ತುಂಬಿಸುವುದಿಲ್ಲ. ಖನಿಜ ತೈಲ ಬ್ರೇಕಿನ ರಬ್ಬರುಗಳನ್ನು ಉಬ್ಬಿಸಿ ಕೆಡಿಸುತ್ತದೆ.

ಹೆಡ್‌ಲೈಟಿನ ಬಲ್ಬಿಗೂ ಇದೇ ಮಾತು. 12 ವೋಲ್ಟ್‌ನಲ್ಲಿ 60 ವಾಟ್ ಬಲ್ಬ್ ಎಳೆಯುವ ವಿದ್ಯುತ್ತು 5 ಆಂಪಿಯರ್. 100 ವಾಟ್ ಬಲ್ಬ್ 8.3 ಆಂಪಿಯರ್. ತಂತಿಯಲ್ಲಿ ಹುಟ್ಟುವ ಉಷ್ಣ ವಿದ್ಯುತ್ತಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ತಂತಿ, ಸ್ವಿಚ್ಚು ಬದಲಿಸದೆ ಬಲ್ಬು ಮಾತ್ರ ಬದಲಿಸಿ ಎನ್ನುವವರು ಜೂಲ್‌ನ ನಿಯಮವನ್ನು ಮರೆತಿದ್ದಾರೆ.

ಹೇಳದೆ ಬಿಟ್ಟದ್ದು

ಕೈಪಿಡಿಗಳು ಕೆಲಸದ ಕಷ್ಟವನ್ನು ಅಳೆದು ಹೇಳುತ್ತವೆ. ಹೇನ್ಸ್ ಮಾಲಿಕೆಯಲ್ಲಿ ಸ್ಪ್ಯಾನರಿನ ಚಿತ್ರಗಳನ್ನು ಎಣಿಸಿ, ಒಂದರಿಂದ ಐದರವರೆಗೆ ದರ್ಜೆ ಕೊಡುವ ಪದ್ಧತಿ ಇದೆ. ಆದರೆ ಕಷ್ಟ ಬೇರೆ, ಅಪಾಯ ಬೇರೆ. ಸುಲಭವಾದ ಕೆಲಸ ಅತ್ಯಂತ ಅಪಾಯಕಾರಿಯಾಗಬಹುದು. ಅಪಾಯದ ಮಾತನ್ನು ಪುಸ್ತಕದ ಆರಂಭದಲ್ಲಿ ಒಂದೆರಡು ಪುಟಗಳಲ್ಲಿ ಒಟ್ಟು ಹಾಕಿದರೆ ಸಾಲದು. ಆಯಾ ಕೆಲಸದ ಪಕ್ಕದಲ್ಲೇ ಅದು ಇರಬೇಕು.

ಜ್ಯಾಕ್ ಹಚ್ಚಿ ಕಾರನ್ನು ಎತ್ತುವುದು ಎಲ್ಲಕ್ಕಿಂತ ಸುಲಭ. ಹೈಡ್ರಾಲಿಕ್ ಜ್ಯಾಕಿನಲ್ಲಿ ಅಷ್ಟೂ ಭಾರವನ್ನು ಹೊತ್ತಿರುವುದು ಮುಚ್ಚಿದ ದ್ರವ. ಆ ದ್ರವವನ್ನು ತಡೆದಿರುವುದು ರಬ್ಬರಿನ ಒಂದು ಬಳೆ. ಪಾಸ್ಕಲನ ನಿಯಮ ಎತ್ತಲು ನೆರವಾಗುತ್ತದೆ, ಹಿಡಿದಿಡುವ ಭರವಸೆ ಕೊಡುವುದಿಲ್ಲ. ಜ್ಯಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ಗಟ್ಟಿ ಸಮತಟ್ಟು ನೆಲ, ನೆಲದ ಮೇಲಿರುವ ಚಕ್ರಗಳಿಗೆ ತಡೆಗಟ್ಟೆ, ಉಕ್ಕಿನ ಸ್ಟ್ಯಾಂಡ್, ಇಷ್ಟಿಲ್ಲದೆ ಯಾರೂ ಕಾರಿನಡಿ ತಲೆ ಹಾಕಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಭಂಗುರ ವಸ್ತುಗಳು. ಅವು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಸಿಡಿಯುತ್ತವೆ.

ಸಸ್ಪೆನ್ಷನ್ನಿನ ಸುರುಳಿ ಸ್ಪ್ರಿಂಗ್ ಇನ್ನೊಂದು. ಸ್ಥಿರಾಂಕ ಮೀಟರಿಗೆ 20,000 ನ್ಯೂಟನ್ ಇರುವ ಸ್ಪ್ರಿಂಗನ್ನು 15 ಸೆಂ.ಮೀ. ಒತ್ತಿಟ್ಟರೆ ಅದರಲ್ಲಿ 225 ಜೂಲ್ ಶಕ್ತಿ ಕುಳಿತಿರುತ್ತದೆ. ಇದು 23 ಕಿಲೋಗ್ರಾಂ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟಂತೆ. ಅದಕ್ಕೆಂದೇ ಮಾಡಿದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದವರು ಆ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ಲೇಸು.

ಹಳೆಯ ಕಾರುಗಳ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುವುದು ಸಾಮಾನ್ಯ. ಆ ಧೂಳನ್ನು ಗಾಳಿ ಹೊಡೆದು ಹಾರಿಸುವ ರೂಢಿ ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಬೇಕು. ವಾಷಿಂಗ್ ಸೋಡಾ ದ್ರಾವಣದಲ್ಲಿ ವಿದ್ಯುದ್ವಿಭಜನೆಯಿಂದ ತುಕ್ಕು ತೆಗೆಯುವ ವಿಧಾನ ಚೆನ್ನಾಗಿದೆ, ತರಗತಿಯಲ್ಲೂ ತೋರಿಸಬಹುದು. ಆದರೆ ಧನಧ್ರುವವಾಗಿ ಸ್ಟೈನ್‌ಲೆಸ್ ಚಮಚ ಇಡಿ ಎಂಬ ಸಲಹೆಯನ್ನು ತಿರಸ್ಕರಿಸಿ. ಅದರಿಂದ ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಸಂಯುಕ್ತಗಳು ದ್ರಾವಣಕ್ಕೆ ಸೇರುತ್ತವೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಹೊರಬರುತ್ತದೆ. ಸಾದಾ ಕಬ್ಬಿಣದ ತುಂಡು ಸಾಕು. ಹೊಮ್ಮುವ ಹೈಡ್ರೊಜನ್ ನಿಲ್ಲದಂತೆ ಬಯಲಿನಲ್ಲಿ ಮಾಡಬೇಕು, ಹತ್ತಿರ ಕಿಡಿ ಇರಬಾರದು.

ತರಗತಿಗೆ ತನ್ನಿ

ಈ ಪುಸ್ತಕಗಳನ್ನು ಓದಬೇಡಿ ಎಂಬುದು ನನ್ನ ಅಭಿಪ್ರಾಯವಲ್ಲ. ಹೇನ್ಸ್ ಅವರ ನಿಖರತೆ, ಮ್ಯೂರ್ ಅವರ ಆತ್ಮೀಯತೆ ಎರಡೂ ತಾಂತ್ರಿಕ ಬರವಣಿಗೆಗೆ ಮೇಲ್ಪಂಕ್ತಿ. ಇವೆರಡರ ಜೊತೆಗೆ ಕಾರಣವನ್ನೂ ಮಿತಿಯನ್ನೂ ಹೇಳುವ ಕೈಪಿಡಿ ಕನ್ನಡದಲ್ಲಿ ಬಂದರೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವೃತ್ತಿ ಕಲಿಯುವವರಿಗೂ ಹವ್ಯಾಸಿಗಳಿಗೂ ದೊಡ್ಡ ಉಪಕಾರ. ನಮ್ಮ ಮೇಸ್ತ್ರಿಗಳ ಕೈಯಲ್ಲಿ ಜ್ಞಾನ ಬೇಕಾದಷ್ಟಿದೆ. ಅದು ಬರೆಹಕ್ಕೆ ಇಳಿಯಬೇಕು, ಬರೆಯುವಾಗ ಅಳತೆಗೆ ಒಳಪಡಬೇಕು.

ಶಿಕ್ಷಕರು ಇದನ್ನು ಇಂದೇ ಆರಂಭಿಸಬಹುದು. ಹಲಗೆಗೆ ಬಿಗಿದ ಒಂದು ಬೋಲ್ಟ್, ಒಂದು ಸ್ಪ್ಯಾನರ್, ಪ್ರಯೋಗಶಾಲೆಯ ಸ್ಪ್ರಿಂಗ್ ತ್ರಾಸು, ಅಳತೆ ಪಟ್ಟಿ ಸಾಕು. ಬೋಲ್ಟಿನ ಕೇಂದ್ರದಿಂದ 20 ಸೆಂ.ಮೀ. ದೂರದಲ್ಲಿ ತ್ರಾಸಿನ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಲಂಬವಾಗಿ 50 ನ್ಯೂಟನ್ ಎಳೆದರೆ 10 ನ್ಯೂಟನ್-ಮೀಟರ್. ಅದೇ ಬಲವನ್ನು 60° ಕೋನದಲ್ಲಿ ಎಳೆದರೆ ಟಾರ್ಕ್ ಸುಮಾರು 13% ಕಡಿಮೆ. ಹತ್ತು ವಿದ್ಯಾರ್ಥಿಗಳಿಗೆ ಕಣ್ಣಂದಾಜಿನಲ್ಲಿ ‘ಬಿಗಿಯಾಗಿ’ ತಿರುಗಿಸಲು ಹೇಳಿ, ಪ್ರತಿಯೊಬ್ಬರ ನಂತರ ಬೋಲ್ಟನ್ನು ಮುಂದಕ್ಕೆ ಕದಲಿಸಲು ಬೇಕಾದ ಬಲವನ್ನು ತ್ರಾಸಿನಲ್ಲಿ ಅಳೆಯಿರಿ. ಬಳಿಕ ತಿರುಪಿಗೆ ಎಣ್ಣೆ ಸವರಿ ಪ್ರಯೋಗವನ್ನು ಪುನರಾವರ್ತಿಸಿ. ಹತ್ತು ಕೈಗಳು ಕೊಡುವ ಹತ್ತು ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆದಾಗ, ಆ ಒಂದು ಪದಕ್ಕೆ ಅರ್ಥವಿದೆಯೇ ಇಲ್ಲವೇ ಎಂಬುದನ್ನು ವಿದ್ಯಾರ್ಥಿಗಳೇ ತೀರ್ಮಾನಿಸುತ್ತಾರೆ.

ಮುಂದೆ ಅವರಲ್ಲಿ ಯಾರಾದರೂ ಕಾರಿನ ಬ್ರೇಕ್ ಬಿಚ್ಚಿ ಜೋಡಿಸಿದರೆ, ಆ ಕಾರಿನಲ್ಲಿ ಅವರ ಮನೆಯವರು ಕುಳಿತು ಘಟ್ಟ ಇಳಿಯುತ್ತಾರೆ. ಎಷ್ಟು, ಯಾವ ಸ್ಥಿತಿಯಲ್ಲಿ, ಏಕೆ ಎಂದು ಕೇಳುವ ಅಭ್ಯಾಸ ಅವರಿಗೆ ಅಷ್ಟರೊಳಗೆ ಆಗಿರಬೇಕು.